ಹಾಡು ಮಗುಚಲು ಬಸ್ಸು ನಿಲ್ಲಿಸುವ ಓಬಳಯ್ಯ

ತುಮಕೂರಿನ ಬಟವಾಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಣಿಗಲ್ಲಿಗೆ ಹೊರಡುವ ಖಾಸಗಿ ಬಸ್ಸಿನ ಮುಂದಿನ ಗಾಜು ಒರೆಸಿ, ಸ್ಟೇರಿಂಗಿಗೆ ಕೈಮುಗಿದು, ಡ್ರೈವರ್ ಓಬಳಯ್ಯ ಸೀಟು ಹತ್ತುತ್ತಾರೆ. ಅವರ ಎಡ ಮೊಣಕಾಲಿನ ಪಕ್ಕ, ತೀರಾ ತಗ್ಗಿನಲ್ಲಿ, ಮಾಲೀಕರು ಹೊಸದಾಗಿ ಕೂರಿಸಿರುವ ಟೇಪ್ ರೆಕಾರ್ಡರ್. ಹಾಡು ಮುಗಿದರೆ ಕ್ಯಾಸೆಟ್ ತೆಗೆದು ಮಗುಚಿ ಹಾಕಬೇಕು. ಅದಕ್ಕೆ ಬಗ್ಗಬೇಕು. ಬಗ್ಗಿದರೆ ರಸ್ತೆ ಕಾಣುವುದಿಲ್ಲ. ಇಷ್ಟು ಮಾಲೀಕರ ತಲೆಗೆ ಹೋಗಿಲ್ಲ.

ಎಂಬತ್ತನಾಲ್ಕನೇ ಇಸವಿ ಇದು. ಟೇಪ್ ಇಲ್ಲದ ಬಸ್ಸನ್ನು ಜನ ಮೂಸಿಯೂ ನೋಡುವುದಿಲ್ಲವಂತೆ.

ಹುತ್ರಿದುರ್ಗದ ಕಡೆಯವರಾದ ಓಬಳಯ್ಯ ಲಾರಿ ಕ್ಲೀನರ್ ಆಗಿ ಸೇರಿ ಡ್ರೈವರ್ ಆದವರು. ದಿನಕ್ಕೆ ನಾಲ್ಕು ಟ್ರಿಪ್ಪು, ಊಟ ಸಿಕ್ಕಾಗ. ಹೋದ ಸುಗ್ಗಿಯಲ್ಲಿ ಹೆಬ್ಬೂರು ದಾಟಿದ ಮೇಲೆ ಹಾಡು ನಿಂತಿತು. ಹಿಂದಿನಿಂದ ಕೂಗಾಟ. ಓಬಳಯ್ಯ ಬಗ್ಗಿ ಕ್ಯಾಸೆಟ್ ಮಗುಚಿ ತಲೆಯೆತ್ತಿದರೆ, ಎದುರಿಗೇ ಹುಲ್ಲುಹೊರೆ ಹೊತ್ತು ರಸ್ತೆ ದಾಟುತ್ತಿದ್ದ, ಅಲ್ಲಿಯದೇ ಹಳ್ಳಿಯ ಸಿದ್ದಲಕ್ಷ್ಮಮ್ಮ! ಬ್ರೇಕ್ ಹಿಡಿಯಿತು. ಹುಲ್ಲು ಬಸ್ಸಿನ ಮೂತಿಗೆ ತಾಗಿತ್ತು.

"ಕಣ್ಣೆಲ್ಲಿ ಮಡಗಿದ್ಯೋ ಅಂದ್ಲು ಆಯಮ್ಮ. ಹಾಡು ಹಾಕ್ತಿದ್ದೆ ಅಂತ ಹೇಳೋಕೆ ಬಾಯೇ ಬರ್ಲಿಲ್ಲ ಸ್ವಾಮಿ," ಎನ್ನುತ್ತಾರೆ ಓಬಳಯ್ಯ.

ಅಂದಿನಿಂದ ಕ್ಯಾಸೆಟ್ ಮಗುಚಬೇಕಾದರೆ ಅವರು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಹಿಂದೆ ಬರುವ ಬೇರೆ ಕಂಪನಿಯ ಬಸ್ಸು ಮುಂದೆ ಹೋಗಿ ಜನರನ್ನು ಬಾಚಿಕೊಳ್ಳುತ್ತದೆ. ಟೇಪಿನ ಪೆಟ್ಟಿಗೆಯನ್ನು ಹಿಂದೆ ಕಂಡಕ್ಟರ್ ಕೈಗೆ ಸಿಗುವಂತೆ ಹಾಕಿಕೊಡಿ ಎಂದು ಕೇಳಿದರೆ, ವೈರು ಎಳೆಸುವವರು ಯಾರು ಎಂದು ಮಾಲೀಕರು ಸಿಡುಕಿದ್ದಾರೆ. ಇನ್ನೊಮ್ಮೆ ದಾರಿಯಲ್ಲಿ ನಿಲ್ಲಿಸಿದರೆ ಕೀ ಕೊಟ್ಟು ಮನೆಗೆ ಹೋಗು ಎಂದೂ ಹೇಳಿದ್ದಾರೆ.

ಎಂಥ ನ್ಯಾಯ ಇದು? ನಾಳೆ ಬಸ್ಸು ಮರಕ್ಕೆ ಗುದ್ದಿದರೆ 'ಚಾಲಕನ ಅಜಾಗರೂಕತೆ' ಎಂದೇ ಬರೆಯುತ್ತೇವೆ, ನಾವು ಪತ್ರಿಕೆಯವರು. ಆ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿದವರ ಹೆಸರು ಎಂದಾದರೂ ಅಚ್ಚಾಗಿದ್ದುಂಟೆ?

ಹೆಬ್ಬೂರು ದಾಟುತ್ತದೆ. ಹಾಡು ನಿಲ್ಲುತ್ತದೆ. ಯಾರೋ ಶಿಳ್ಳೆ ಹಾಕುತ್ತಾರೆ. ಕಂಡಕ್ಟರ್ ಚನ್ನವೀರಯ್ಯ ಹತ್ತಿರ ಬಂದು, "ಬ್ಯಾಡ ಕಣಣ್ಣ, ಕೆಲ್ಸ ಹೋಯ್ತದೆ" ಎನ್ನುತ್ತಾರೆ. ಓಬಳಯ್ಯ ಹೊಂಗೆಮರದ ಪಕ್ಕ ಬಸ್ಸು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಬಗ್ಗುತ್ತಾರೆ.

"ಇವನ ಸೊಕ್ಕು ನೋಡು!" ಹಿಂದಿನಿಂದ ಒಬ್ಬ.

ಮುಂದಿನ ಸೀಟಿನಲ್ಲಿ, ಕುಣಿಗಲ್ ಆಸ್ಪತ್ರೆಗೆ ಹೊರಟಿರುವ ಸಿದ್ದಲಕ್ಷ್ಮಮ್ಮ ತಿರುಗುತ್ತಾರೆ. "ಸುಮ್ಕೆ ಕೂತ್ಕೊಳ್ರೋ. ಅವತ್ತು ಹುಲ್ಲು ಹೊತ್ಕೊಂಡು ಅಡ್ಡ ಬಂದೋಳು ನಾನೇಯ."

ಹಾಡು ಮತ್ತೆ ಶುರುವಾಗುತ್ತದೆ.

"ಪೆಟ್ಟಿಗೆ ಹಿಂದಕ್ಕೆ ಹಾಕ್ಲಿ ಸಾಕು," ಗೇರು ಹಾಕುತ್ತ ಓಬಳಯ್ಯ ಹೇಳುತ್ತಾರೆ. ಕಣ್ಣು ರಸ್ತೆಯ ಮೇಲೆಯೇ. "ನಂಗೂ ಹಾಡಂದ್ರೆ ಆಸೆ. ಅಲ್ಲೀಗಂಟ ನಿಲ್ಸೇ ಹಾಕ್ತೀನಿ. ಮಾಲೀಕ್ರು ಕೀ ಕೇಳುದ್ರೆ, ಜನಾನೆಲ್ಲ ಅವರವರ ಊರಲ್ಲಿ ಇಳ್ಸಿ ಕೊಟ್ಬುಡ್ತೀನಿ."