ಪಂಪ್ ನಿಂತ ಕಾರಣ

ಹೊಳೆಆಲೂರಿನ ಹತ್ತಿರದ ಪಂಪ್‌ಹೌಸಿಗೆ ತಪಾಸಣೆಗೆ ಹೋದಾಗಲೆಲ್ಲ ನನ್ನ ತಲೆ ಕೆಡುತ್ತಿತ್ತು. ಪಂಪ್ ನಡೆಸುವ ಪ್ಯಾನಲ್ಲಿನ ಕೇಬಲ್ ಜಾಲ ಬೇರೆ, ಕ್ಯಾಮೆರಾ ಮತ್ತು ಮೊಬೈಲುಗಳ ವೈಫೈ ಬೇರೆ. ಎರಡೂ ಎಲ್ಲಿಯೂ ಕೂಡಬಾರದು. ಕೂಡಿದರೆ ವೈಫೈಯ ಗದ್ದಲವೆಲ್ಲ ಪ್ಯಾನಲ್ಲಿಗೆ ನುಗ್ಗಿ ಪಂಪ್ ನಿಲ್ಲುತ್ತದೆ, ಊರಿನ ಟಾಕಿಗೆ ನೀರು ಏರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿ ಬಾಯಿ ಒಣಗಿಸಿಕೊಂಡೆನೋ!

ಅಲ್ಲಿನ ಆಪರೇಟರ್ ಚಾಚಾ ಮಾತ್ರ ಹೊಳೆಯಲ್ಲಿ ಮೀನು ಹಿಡಿಯುವವರಿಗೆ, ಶಿರೋಳದ ಟ್ರ್ಯಾಕ್ಟರಿನವರಿಗೆ, ಕೇಳಿದವರಿಗೆಲ್ಲ ವೈಫೈ ಪಾಸ್‌ವರ್ಡ್ ಹಂಚುತ್ತಿದ್ದರು. "ಬಂದವ್ರಿಗೆ ಇಲ್ಲ ಅನ್ನೂದು ಹ್ಯಾಂಗ್ರಿ ಸಾಹೇಬ್ರ?" ಮೊದಲ ದಿನ ನನಗೂ ಚಹಾದ ಜೊತೆಗೇ ಕೊಟ್ಟಿದ್ದರು. ಪಂಪ್ ಮೇಲಿಂದ ಮೇಲೆ ನಿಲ್ಲತೊಡಗಿದಾಗ ನನ್ನ ಅನುಮಾನ ಬೇರೆ ಯಾರ ಮೇಲೆ ಹೋದೀತು? ಎರಡು ಜಾಲಗಳನ್ನು ಕೂಡಿಸುವ ಕೇಬಲ್ಲಿಗಾಗಿ ಮೂಲೆ ಮೂಲೆ ತಡಕಾಡಿದೆ. ಸಿಗಲಿಲ್ಲ. ನಾನು ಹುಡುಕುವಷ್ಟರಲ್ಲಿ ಕಿತ್ತು ಬಚ್ಚಿಡುತ್ತಾರೆ ಎಂದುಕೊಂಡು ಇನ್ನಷ್ಟು ಸಿಟ್ಟಾದೆ.

"ಖರೇ ಹೇಳತೀನ್ರಿ, ನಾ ಏನೂ ಮುಟ್ಟಿಲ್ಲ. ನೀವ್ ಬಂದ ದಿನಾನ ಇದು ಹಟಾ ಮಾಡತೈತಿ," ಎಂದು ಚಾಚಾ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಲ್ಯಾಪ್‌ಟಾಪಿನ ಕೇಬಲ್ಲನ್ನು ಪ್ಯಾನಲ್ಲಿಗೆ ಚುಚ್ಚಿ ತಪಾಸಣೆ ಮುಗಿಸಿದೆ. ಅಲ್ಲೇ ಕೂತು, ಈ ಗುತ್ತಿಗೆ ಆಪರೇಟರನ್ನು ಕೆಲಸದಿಂದ ತೆಗೆಯಿರಿ ಎಂದು ಕಚೇರಿಗೆ ವರದಿ ಬರೆದೆ. ಎಂದಿನಂತೆ ವೈಫೈ ಚಾಲೂ ಮಾಡಿ ಕಳಿಸಿದೆ. ವರದಿ ಹೋಯಿತು. ಪಂಪ್ ನಿಂತಿತು.

ಲ್ಯಾಪ್‌ಟಾಪಿನತ್ತ ನೋಡಿದೆ. ಕೇಬಲ್ ಇನ್ನೂ ಪ್ಯಾನಲ್ಲಿನಲ್ಲಿತ್ತು, ಅದೇ ಲ್ಯಾಪ್‌ಟಾಪು ಚಾಚಾ ಕೊಟ್ಟ ವೈಫೈಯಲ್ಲಿತ್ತು. ಅದರೊಳಗೆ ಎರಡೂ ಜಾಲಗಳನ್ನು ಕೂಡಿಸುವ ಸೆಟ್ಟಿಂಗನ್ನು ಹಿಂದೊಮ್ಮೆ ಯಾವುದೋ ಅವಸರದಲ್ಲಿ ನಾನೇ ಹಾಕಿ ಮರೆತಿದ್ದೆ. ತಿಂಗಳುಗಟ್ಟಲೆ ಹುಡುಕಿದ ಕೊಂಡಿ ನನ್ನ ತೊಡೆಯ ಮೇಲೇ ಇತ್ತು.

ಕೇಬಲ್ ಕಿತ್ತೆ. ಚಾಚಾ ಎದ್ದು ಪಂಪ್ ಚಾಲೂ ಮಾಡಿ, ದಾಖಲೆ ಪುಸ್ತಕದಲ್ಲಿ ವೇಳೆ ಬರೆದರು. ನಾನು ಹಿಂದಿನ ಪುಟಗಳನ್ನು ತಿರುವಿದೆ. ಪಂಪ್ ನಿಂತ ಪ್ರತಿ ದಿನದ ಎದುರು ತಪಾಸಣೆಗೆ ಬಂದ ನನ್ನ ಸಹಿ ಇತ್ತು, ಕಾರಣದ ಜಾಗ ಖಾಲಿ ಇತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಗೆ ಹೋಗಿ ಕಚೇರಿಗೆ ಫೋನ್ ಹಚ್ಚಿ, ವರದಿ ತಪ್ಪು, ತಪ್ಪು ನನ್ನದು ಎಂದೆ. ಅತ್ತಲಿನವರು ಎರಡು ಸಲ ಹೇಳಿಸಿದರು.

ಒಳಗೆ ಬಂದಾಗ ಚಾಚಾ ಚಹಾ ಬಗ್ಗಿಸಿ ಇಟ್ಟಿದ್ದರು. ಪುಸ್ತಕ ಇನ್ನೂ ತೆರೆದೇ ಇತ್ತು.

"ಕಾರಣ ಏನಂತ ಬರೀಲ್ರಿ ಸಾಹೇಬ್ರ?"

"ಪೆನ್ ಇತ್ತ ಕೊಡ್ರಿ ಚಾಚಾ," ಎಂದೆ. "ಎಲ್ಲಾ ದಿನದ್ದೂ ನಾನ ಬರೀತೀನಿ."