ಮೆಕ್ಕೆಜೋಳದಲ್ಲಿ ಬಿದ್ದ ಸಾಲು

ಇವತ್ತು ಮಧ್ಯಾಹ್ನ, ಗೆಳೆಯರೆ, ನ್ಯಾಮತಿಯ ಬ್ಯಾಂಕಿನ ಮುಂದೆ ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ ಒಣಹಾಕಿದ್ದರು. ಬಿಸಿಲಲ್ಲಿ ಅದು ಹಳದಿ ಕೆರೆಯೊಂದು ತೂಕಡಿಸುತ್ತಿರುವ ಹಾಗೆ ಕಾಣುತ್ತಿತ್ತು. ಮೆಟ್ಟಿಲ ಹತ್ತಿರ ಉಳಿದಿದ್ದ ಚೂರು ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದೆ.

ಕೊಡೆ ಹಿಡಿದು ಕಾಳು ಕಾಯುತ್ತಿದ್ದ ಅಜ್ಜಿ ಕೂತಲ್ಲಿಂದಲೇ ಕೂಗಿದಳು. "ಅದು ಚೀಲ ಇಡಾಕೆ ಬಿಟ್ಟಿರೋ ಜಾಗ. ಗಾಡಿ ಆ ಕಡೆ ನಿಲ್ಸಿ ನಡ್ಕಂಡು ಬಾರವ್ವ. ಹರೇದ ಹುಡ್ಗಿ, ಏನಾಗೈತೆ ನಿಂಗೆ?"

ಎದ್ದು ಬಂದು ಹೇಳುವುದಕ್ಕೆ ಇವಳಿಗೇನಾಗಿದೆ ಎಂದು ನನಗೂ ಸಿಟ್ಟು ಬಂತು. ಗಾಡಿ ಅಲ್ಲೇ ಬಿಟ್ಟು ಇಳಿದೆ. ಮೆಟ್ಟಿಲಿಗೆ ನಡುವಿನ ಕಾಳಿನ ಮೇಲೇ ಹೋಗಬೇಕಲ್ಲ ಎಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ಬೆನ್ನಿನ ನರ ಒತ್ತಿದಾಗಿನಿಂದ ನನ್ನ ಬಲಪಾದ ಮೇಲೇಳುವುದಿಲ್ಲ. ಸ್ಕೂಟರ್ ಮೇಲೆ ಕೂತಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ. ನಿಧಾನಕ್ಕೆ ಪಾದ ಎಳೆಯುತ್ತ ನಡೆದೆ. ಬೆಚ್ಚಗಿನ ಕಾಳು ಸರಸರ ಸರಿದು, ಹಿಂದೆ ಉದ್ದಕ್ಕೂ ಒಂದು ಸಾಲು ಬಿತ್ತು.

ಅಜ್ಜಿ ಆ ಸಾಲನ್ನೇ ನೋಡುತ್ತ ಕೂತಳು. ಆಮೇಲೆ ದನಿ ಇಳಿಸಿ ಹೇಳಿದಳು. "ಗೊತ್ತಾಗ್ಲಿಲ್ಲವ್ವ. ಗಾಡಿ ಅಲ್ಲೇ ಇರ್ಲಿ. ನನ್ನ ಮಂಡಿನೂ ಏಳಾಕೆ ಬಿಡಲ್ಲ. ಅಡಿಗಿನ ಕಾಳೂ ಒಣಗ್ಲಿ ಅಂತ ಕಾಲಾಗೆ ಸಾಲು ಎಳ್ದು ತಿರುವಾಕೆ ಬೆಳಗಿಂದ ಯಾರೂ ಇಲ್ಲ."

ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಮತ್ತೆ ಕರೆದಳು. "ವಾಪಸ್ ಬರುವಾಗ ಆ ಅಂಚಿಂದ ಬಾ. ಅಲ್ಲೂ ಒಂದು ಸಾಲು ಬೀಳ್ಲಿ."

ಪಾದ ಎತ್ತಿಡಿ ಎಂದು ಡಾಕ್ಟರು ಪ್ರತಿ ಸಲ ಗದರುತ್ತಾರೆ. ಎತ್ತದೆ ನಡೆಯುವವರಿಗೂ ಊರಲ್ಲಿ ಕೆಲಸವಿದೆ ಎಂದು ಅವರಿಗೆ ಹೇಳಬೇಕು.