ಬೆಚ್ಚಗಿನ ಕೈಯ ಅಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಸೂಲಗಿತ್ತಿಯೊಬ್ಬರು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ ನಿಂತಿದ್ದಾರೆ. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಬಿಗಿದ ಹೊಟ್ಟೆಯಲ್ಲಿ ಮಗು ತಿರುಗುವುದಿಲ್ಲ. ವಾರ್ಡಿನವರೆಲ್ಲ ಇವರನ್ನು ಕರೆಯುವುದೇ ಬೆಚ್ಚಗಿನ ಕೈಯ ಅಕ್ಕ ಎಂದು.

ತಲೆ ಮೇಲಾಗಿ ಕೂತ ಮಗುವನ್ನು ಹೆರಿಗೆಗೆ ಮುಂಚೆ ಹೊಟ್ಟೆಯ ಮೇಲಿಂದಲೇ ಒತ್ತಿ ತಲೆಕೆಳಗು ಮಾಡುವುದು ಇವರ ಕೆಲಸ. ಪಕ್ಕದಲ್ಲಿ ಡಾಕ್ಟರು, ಮಗುವಿನ ಎದೆಬಡಿತ ಕೇಳಿಸುವ ಯಂತ್ರ. ಕೇಳಲು ಹೂವೆತ್ತಿದಷ್ಟು ಸುಲಭ. ಆದರೆ ಅರ್ಧಕ್ಕರ್ಧ ಮಕ್ಕಳು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅಂಥ ತಾಯಂದಿರಿಗೆ, ಆಪರೇಷನ್ ಆದರೇನಂತೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು ಹೇಳಿ ಕಳಿಸುವುದೂ ಅಕ್ಕನ ಕೆಲಸವೇ.

ಇವತ್ತು ಮಂಚದ ಮೇಲಿರುವವಳದ್ದು ಎರಡನೆಯ ಬಸಿರು. ಮೊದಲನೆಯ ಮಗು ಕಾಲು ಮುಂದಾಗಿ ಬಂದು, ತಲೆ ಸಿಕ್ಕಿಕೊಂಡು, ಉಳಿಯಲಿಲ್ಲ. ಇದೂ ಹಾಗೇ ಕೂತಿದೆ ಎಂದು ಗೊತ್ತಾದಂದಿನಿಂದ ಅವಳ ಬಲಗೈ ಪಕ್ಕೆಲುಬಿನ ಕೆಳಗಿನ ಆ ಗುಂಡನೆಯ ತಲೆಯನ್ನು ಬಿಟ್ಟು ಕದಲಿಲ್ಲ.

"ನೋವಾದ್ರೆ 'ಸಾಕು' ಅನ್ನಮ್ಮ, ಕೈ ತೆಗೀತೀನಿ" ಎನ್ನುತ್ತಾರೆ ಅಕ್ಕ.

ಒಂದು ಅಂಗೈ ಮಗುವಿನ ತಲೆಗೆ, ಇನ್ನೊಂದು ಬುಡಕ್ಕೆ. ಅವಳು ತುಟಿ ಕಚ್ಚುತ್ತಾಳೆ, ಕಣ್ಣೀರು ಕಿವಿಗಿಳಿಯುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ. ಎದೆಬಡಿತ ಸರಿಯಾಗಿಯೇ ಇದೆ, ಮಗು ಅರ್ಧ ಸರಿದಿದೆ. ಅಷ್ಟರಲ್ಲಿ ಅಕ್ಕ ಕೈ ತೆಗೆದುಬಿಡುತ್ತಾರೆ. ನಾನು ಸಾಕು ಅನ್ನಲೇ ಇಲ್ಲವಲ್ಲ, ಯಾಕೆ ಬಿಟ್ಟಿರಿ ಎಂದು ಅವಳಿಗೆ ಕೆಟ್ಟ ಸಿಟ್ಟು.

"ಅನ್ನಲಿಲ್ಲ, ಅದಕ್ಕೇ ಬಿಟ್ಟೆ. ಪ್ರಾಣ ಹೋದ್ರೂ ಅನ್ನೋಳಲ್ಲ ನೀನು."

ಆಗ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ, ಹೋದ ಮಗುವನ್ನು ನೆನೆದು. ಅಕ್ಕ ಸಮಾಧಾನ ಹೇಳಲು ಹೋಗುವುದಿಲ್ಲ. ಮತ್ತೆ ಬಿಸಿನೀರಿಗೆ ಕೈ ಇಡುತ್ತಾರೆ. ಅತ್ತು ಮುಗಿದು ಹೊಟ್ಟೆ ಸಡಿಲವಾದ ಮೇಲೆ ಇನ್ನೊಮ್ಮೆ ಒತ್ತುತ್ತಾರೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಮಗು ನಿಧಾನಕ್ಕೆ ಉರುಳುತ್ತದೆ.

ಅಭ್ಯಾಸಬಲದಿಂದ ಅವಳ ಬಲಗೈ ಪಕ್ಕೆಯತ್ತ ಹೋಗುತ್ತದೆ. ಅಲ್ಲಿ ತಲೆ ಇಲ್ಲ. ಮುಖ ಬಿಳಿಚಿಕೊಳ್ಳುತ್ತದೆ. ಅಕ್ಕ ಆ ಕೈಯನ್ನು ಹಿಡಿದು ಕೆಳಹೊಟ್ಟೆಯ ಮೇಲೆ ತಂದಿಡುತ್ತಾರೆ.

"ಇಲ್ಲಿದೆ ನೋಡು."

ಹೆರಿಗೆ ಆಗುವುದು ಮೇಲಿನ ಮಹಡಿಯಲ್ಲಿ, ಬೇರೆಯವರ ಕೈಯಲ್ಲಿ. ಕೂಸನ್ನೆತ್ತಿಕೊಂಡು ಮನೆಗೆ ಹೊರಟವರಿಗೆ ಈ ಹಿಂಬದಿಯ ಕೋಣೆ ಎಲ್ಲಿ ನೆನಪಾಗಬೇಕು? ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿನಾಚೆ ನೋಡುತ್ತಾರೆ. ಈಗಷ್ಟೇ ಮಂಚದಿಂದಿಳಿದವಳು ಗಂಡನ ತೋಳು ಹಿಡಿದು ನಡೆದು ಹೋಗುತ್ತಿದ್ದಾಳೆ, ಬಲಗೈ ಈಗ ಕೆಳಹೊಟ್ಟೆಯ ಮೇಲೆ.

"ಇವಳಾದ್ರೂ ಮಗೂನ ಒಂದ್ಸಲ ತೋರಿಸ್ಕೊಂಡು ಹೋದ್ರೆ ಸಾಕು. ಎಷ್ಟೋ ಮಕ್ಕಳ ತಲೆ ಈ ಕೈಯಲ್ಲಿ ಹಿಡಿದಿದ್ದೀನಿ. ಮುಖ ನೋಡಿಲ್ಲ."